ಒಳಭಾಗವೇ ಇಲ್ಲದ ವಸ್ತುವಿನಲ್ಲಿ ಅಂಚಿನ ಅಲೆಗಳು

ತೆಳುವಾದ ಅಲ್ಯೂಮಿನಿಯಂ ಹಾಳೆಯ ಮೂಲೆಗೆ ಮೆಲ್ಲಗೆ ತಟ್ಟಿದರೆ ಆ ನಡುಕ ಅಲ್ಲೇ ನಿಲ್ಲುವುದಿಲ್ಲ. ಹಾಳೆಯ ತುಂಬ ಹರಡುತ್ತದೆ, ಅಂಚಿಗೆ ಹೋಗಿ ಬಡಿಯುತ್ತದೆ, ತಿರುಗಿ ಬರುತ್ತದೆ. ಇದು ನಮಗೆಲ್ಲ ಗೊತ್ತಿರುವ ಅಲೆ. ಆದರೆ ಕಳೆದ ಹತ್ತು ವರ್ಷಗಳಲ್ಲಿ ಲ್ಯಾಬುಗಳಲ್ಲಿ ಬೇರೆ ಥರದ ಹಾಳೆಗಳು, ಜಾಲಗಳು ತಯಾರಾಗಿವೆ. ಅವುಗಳಲ್ಲಿ ಕೆಲವು ಆವರ್ತನಗಳ ನಡುಕ ಅಂಚನ್ನು ಬಿಟ್ಟು ಒಳಗೆ ಹೋಗುವುದೇ ಇಲ್ಲ. ಅಂಚಿನಲ್ಲಿ ಒಂದು ತುಂಡು ಮುರಿದಿದ್ದರೆ ಆ ಮುರುಕನ್ನು ಬಳಸಿಕೊಂಡು ಮುಂದೆ ಸಾಗುತ್ತದೆ. ಇವಕ್ಕೆ ಟೊಪಲಾಜಿಕಲ್ ಅಲೆಗಳು ಅನ್ನುತ್ತಾರೆ. ಟೊಪಾಲಜಿ ಅಂದರೆ ಎಳೆದರೂ ಬಾಗಿಸಿದರೂ ಬದಲಾಗದ ಗುಣಗಳ ಗಣಿತ.

ಈ ಅಲೆಗಳ ಬಗ್ಗೆ ಎಲ್ಲರೂ ಮೊದಲು ಕಲಿಯುವ ನಿಯಮ ಒಂದಿದೆ. ಅಂಚಿನಲ್ಲಿ ಏನು ನಡೆಯಬೇಕು ಅನ್ನುವುದನ್ನು ವಸ್ತುವಿನ ಒಳಭಾಗ ತೀರ್ಮಾನಿಸುತ್ತದೆ. ಒಳಭಾಗದ ಗುಣವನ್ನು ಒಂದು ಪೂರ್ಣ ಸಂಖ್ಯೆಯಾಗಿ ಲೆಕ್ಕ ಹಾಕಬಹುದು. ಆ ಸಂಖ್ಯೆ ಸೊನ್ನೆ ಅಲ್ಲದಿದ್ದರೆ ಅಂಚಿನಲ್ಲಿ ಅಲೆ ಇರಲೇಬೇಕು.

ಹಾಗಾದರೆ ಒಳಭಾಗವನ್ನೇ ತೆಗೆದುಬಿಟ್ಟರೆ? ಹಾಳೆಗೆ ತೂತು ಕೊರೆಯುತ್ತಾ, ಉಳಿದ ತುಂಡುಗಳಿಗೂ ಅದೇ ಥರ ತೂತು ಕೊರೆಯುತ್ತಾ ಹೋದರೆ, ಕೊನೆಗೆ ಎಲ್ಲಿ ಬೆರಳಿಟ್ಟರೂ ಅದು ಯಾವುದೋ ಒಂದು ಅಂಚೇ ಆಗಿರುತ್ತದೆ. ಫ್ರಾಕ್ಟಲ್ ಆಕಾರ ಅಂದರೆ ಇದೇ. ಅಲ್ಲಿ ನಿಯಮ ಏನು ಹೇಳುತ್ತದೆ? ಈ ಪ್ರಶ್ನೆ ನನಗೆ ಬಹಳ ಇಷ್ಟ. ಟೊಪಾಲಜಿಗೆ ನಿಜವಾಗಿ ಬೇಕಾಗಿರುವುದು ಏನು ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಅದಕ್ಕೆ ದೊಡ್ಡ ಒಳಭಾಗ ಬೇಕಿಲ್ಲ. ಅಂಚಿನ ಅಲೆ ಒಳಕ್ಕೆ ಎಷ್ಟು ದೂರ ಇಳಿಯುತ್ತದೆಯೋ ಅದಕ್ಕಿಂತ ಸ್ವಲ್ಪ ಜಾಸ್ತಿ ಜಾಗ ಇದ್ದರೆ ಸಾಕು. ಇದನ್ನು ಬಿಡಿಸಿ ನೋಡೋಣ.

ಮೊದಲು ಒಂದು ಸ್ಪ್ರಿಂಗ್ ಸರಪಳಿ

ಒಂದೇ ತೂಕದ ಗುಂಡುಗಳನ್ನು ಸಾಲಾಗಿ ಇಟ್ಟು ಸ್ಪ್ರಿಂಗ್‌ಗಳಿಂದ ಜೋಡಿಸಿದ್ದೇವೆ ಅಂದುಕೊಳ್ಳಿ. ಸ್ಪ್ರಿಂಗ್‌ಗಳು ಎರಡು ಬಗೆ, ಒಂದು ಮೆದು, ಒಂದು ಬಿಗಿ. ಒಂದಾದ ಮೇಲೆ ಒಂದರಂತೆ ಬರುತ್ತವೆ. ಬಿಗಿಯದು ಮೆದುವಿಗಿಂತ 4 ಪಟ್ಟು ಬಿಗಿ. ಲೆಕ್ಕ ಸುಲಭವಾಗಲಿ ಅಂತ ಗುಂಡಿನ ತೂಕ 1, ಮೆದು ಸ್ಪ್ರಿಂಗ್‌ನ ಬಿಗಿತ 1 ಅಂತ ಇಟ್ಟುಕೊಳ್ಳೋಣ.

ಈ ಸರಪಳಿಯಲ್ಲಿ ಎಲ್ಲ ಆವರ್ತನದ ಅಲೆಗಳೂ ಸಾಗುವುದಿಲ್ಲ. ಕೋನೀಯ ಆವರ್ತನದ ವರ್ಗವನ್ನು ಲೆಕ್ಕ ಹಾಕಿದರೆ ಸಾಗುವ ಅಲೆಗಳು ಎರಡು ಪಟ್ಟಿಗಳಲ್ಲಿ ಸಿಗುತ್ತವೆ. ಕೆಳಗಿನದು 0ಯಿಂದ 2ರವರೆಗೆ, ಮೇಲಿನದು 8ರಿಂದ 10ರವರೆಗೆ. ನಡುವೆ 2ರಿಂದ 8ರವರೆಗೆ ಏನೂ ಇಲ್ಲ. ಇದು ಬ್ಯಾಂಡ್ ಗ್ಯಾಪ್. ಕೆಳಗಿನ ಪಟ್ಟಿಯಲ್ಲಿ ಬಿಗಿ ಸ್ಪ್ರಿಂಗ್‌ನ ಎರಡು ತುದಿಯ ಗುಂಡುಗಳು ಹೆಚ್ಚುಕಡಿಮೆ ಒಟ್ಟಿಗೆ ಆಡುತ್ತವೆ. ಮೇಲಿನ ಪಟ್ಟಿಯಲ್ಲಿ ಒಂದಕ್ಕೊಂದು ಎದುರಾಗಿ ಆಡುತ್ತವೆ. ಆ ಬಿಗಿ ಸ್ಪ್ರಿಂಗ್ ಎಳೆಯಲು ಜಾಸ್ತಿ ಶಕ್ತಿ ಬೇಕು, ಅದಕ್ಕೇ ಆವರ್ತನ ಮೇಲೆ ಹೋಗುತ್ತದೆ.

ಈಗ ಸರಪಳಿಯ ಮೊದಲ ಗುಂಡನ್ನು ಗೋಡೆಗೆ ಕಟ್ಟಬೇಕು. ಮೆದು ಸ್ಪ್ರಿಂಗ್‌ನಿಂದ ಕಟ್ಟಿದರೆ ವಿಶೇಷ ಏನೂ ಆಗುವುದಿಲ್ಲ. ಬಿಗಿ ಸ್ಪ್ರಿಂಗ್‌ನಿಂದ ಕಟ್ಟಿದರೆ ಗ್ಯಾಪ್‌ನ ನಟ್ಟನಡುವೆ, ಸರಿಯಾಗಿ 5ರಲ್ಲಿ, ಒಂದು ಕಂಪನ ಹುಟ್ಟುತ್ತದೆ. ಅದು ಸರಪಳಿಯೊಳಗೆ ಸಾಗುವುದಿಲ್ಲ. ಮೊದಲ ಗುಂಡು 1 ಅಳತೆ ಆಡಿದರೆ ಎರಡನೆಯದು ಅಲುಗಾಡುವುದೇ ಇಲ್ಲ. ಮೂರನೆಯದು ಎದುರು ದಿಕ್ಕಿನಲ್ಲಿ ಕಾಲು ಅಳತೆ, ನಾಲ್ಕನೆಯದು ಮತ್ತೆ ಸೊನ್ನೆ, ಐದನೆಯದು ಹದಿನಾರರಲ್ಲಿ ಒಂದು. ಹೀಗೆ ಬೇಗ ಬೇಗ ಸಾಯುತ್ತದೆ. ಇದೇ ಅಂಚಿನ ಸ್ಥಿತಿ. ಒಂದು ಜೋಡಿ ಗುಂಡಿಗೆ ನಾಲ್ಕರಲ್ಲಿ ಒಂದು ಪಾಲು ಉಳಿಯುತ್ತದೆ ಅನ್ನುವ ಈ ಅಳತೆಯನ್ನು ನೆನಪಿಡಿ, ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಇದನ್ನು ಟೊಪಾಲಜಿ ಅನ್ನುವುದು ಯಾಕೆ? ಅಲೆಯ ಉದ್ದವನ್ನು ಬದಲಿಸುತ್ತಾ ಹೋದಾಗ, ಎರಡು ಸ್ಪ್ರಿಂಗ್‌ಗಳ ಜಂಟಿ ಪರಿಣಾಮವನ್ನು ಕಾಗದದ ಮೇಲೆ ಒಂದು ಬಿಂದುವಾಗಿ ಗುರುತಿಸಬಹುದು. ಆ ಬಿಂದು ಒಂದು ವೃತ್ತ ಬರೆದು ಹೊರಟ ಜಾಗಕ್ಕೇ ಬರುತ್ತದೆ. ಆ ವೃತ್ತ ಕಾಗದದ ಮೂಲಬಿಂದುವನ್ನು ಒಳಗೆ ಹಾಕಿಕೊಂಡಿದೆಯೋ ಇಲ್ಲವೋ, ಅದೊಂದೇ ಮುಖ್ಯ. ಕಂಬಕ್ಕೆ ಹಗ್ಗ ಸುತ್ತಿದ ಹಾಗೆ. ಹಗ್ಗ ಕಂಬವನ್ನು ಒಂದು ಸುತ್ತು ಸುತ್ತಿರುತ್ತದೆ, ಇಲ್ಲ ಸುತ್ತಿರುವುದಿಲ್ಲ. ಹಗ್ಗವನ್ನು ಸಡಿಲ ಮಾಡಿದರೂ ಅತ್ತಿತ್ತ ಎಳೆದರೂ ಸುತ್ತಿನ ಲೆಕ್ಕ ಬದಲಾಗುವುದಿಲ್ಲ. ಬದಲಾಗಬೇಕಾದರೆ ಹಗ್ಗ ಕಂಬದ ಮೂಲಕವೇ ಹಾಯಬೇಕು. ಸರಪಳಿಯಲ್ಲಿ ಅದು ಆಗುವುದು ಎರಡೂ ಸ್ಪ್ರಿಂಗ್ ಸಮನಾದಾಗ ಮಾತ್ರ. ಆಗ ಗ್ಯಾಪ್ ಮುಚ್ಚಿಹೋಗುತ್ತದೆ. ಗ್ಯಾಪ್ ತೆರೆದಿರುವಷ್ಟು ಕಾಲ ಸುತ್ತಿನ ಸಂಖ್ಯೆ ಭದ್ರ. ಸ್ಪ್ರಿಂಗ್‌ಗಳಲ್ಲಿ ಸಣ್ಣಪುಟ್ಟ ತಪ್ಪುಗಳಿದ್ದರೂ ಅಂಚಿನ ಸ್ಥಿತಿ ಉಳಿಯುವುದು ಇದೇ ಕಾರಣಕ್ಕೆ.

ಈ ಸರಪಳಿಯ ಮೂಲ ಲೆಕ್ಕ 1979ರದು. ಸು, ಶ್ರೀಫರ್ ಮತ್ತು ಹೀಗರ್ ಅದನ್ನು ಪಾಲಿಅಸಿಟಿಲೀನ್ ಎಂಬ ಪ್ಲಾಸ್ಟಿಕ್‌ನ ಎಲೆಕ್ಟ್ರಾನ್‌ಗಳಿಗಾಗಿ ಮಾಡಿದ್ದರು. ಎರಡು ಆಯಾಮದಲ್ಲಿ ಇದೇ ಕಥೆ 1980ರಲ್ಲಿ ಶುರುವಾಯಿತು. ಬಲವಾದ ಕಾಂತಕ್ಷೇತ್ರದಲ್ಲಿ ಇಟ್ಟ ತೆಳು ಪದರದ ಹಾಲ್ ಪ್ರತಿರೋಧ (ವಿದ್ಯುತ್ ಹರಿವಿಗೆ ಅಡ್ಡಲಾಗಿ ಅಳೆದ ವೋಲ್ಟೇಜನ್ನು ಆ ಹರಿವಿನಿಂದ ಭಾಗಿಸಿದ್ದು) 25,812.807 ಓಮ್ ಎಂಬ ಸಂಖ್ಯೆಯನ್ನು ಪೂರ್ಣ ಸಂಖ್ಯೆಗಳಿಂದ ಭಾಗಿಸಿದಷ್ಟೇ ಬರುತ್ತದೆ ಎಂದು ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಕಂಡರು. ಆ ಪೂರ್ಣ ಸಂಖ್ಯೆಗಳು ಟೊಪಾಲಜಿಯಿಂದ ಬರುತ್ತವೆ ಎಂದು 1982ರಲ್ಲಿ ಡೇವಿಡ್ ಥೌಲೆಸ್ ಮತ್ತು ಮೂವರು ಜೊತೆಗಾರರು ತೋರಿಸಿದರು. 2016ರ ನೊಬೆಲ್‌ನ ಅರ್ಧ ಪಾಲು ಥೌಲೆಸ್ ಅವರಿಗೆ ಸಿಕ್ಕಿತು. ಉಳಿದರ್ಧವನ್ನು ಡಂಕನ್ ಹಾಲ್ಡೇನ್ ಮತ್ತು ಮೈಕೆಲ್ ಕೋಸ್ಟರ್‌ಲಿಟ್ಸ್ ಹಂಚಿಕೊಂಡರು.

ಎಲೆಕ್ಟ್ರಾನ್‌ಗಳಿಂದ ಇದು ಕಣ್ಣಿಗೆ ಕಾಣುವ ವಸ್ತುಗಳಿಗೆ ಬಂದದ್ದು ತಡವಾಗಿ. 2015ರಲ್ಲಿ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ 270 ಲೋಲಕಗಳನ್ನು ಸ್ಪ್ರಿಂಗ್‌ಗಳಿಂದ ಜೋಡಿಸಿ, ತೂಗಾಟ ಅಂಚಿನಲ್ಲಷ್ಟೇ ಓಡುವುದನ್ನು ತೋರಿಸಿದರು. ಅದೇ ವರ್ಷ ಷಿಕಾಗೋದಲ್ಲಿ 54 ಗೈರೋಸ್ಕೋಪ್‌ಗಳನ್ನು (ಒಳಗೆ ವೇಗವಾಗಿ ತಿರುಗುವ ಚಕ್ರ ಇರುವ ಉಪಕರಣ) ಜೇನುಗೂಡಿನ ಆಕಾರದಲ್ಲಿ ತೂಗುಹಾಕಿದರು. ಅಲ್ಲಿ ನಡುಕ ಒಂದೇ ದಿಕ್ಕಿಗೆ ಸುತ್ತಿತು. ಲೋಹದ ಹಾಳೆಯನ್ನು ಹಾಗೇ ಕತ್ತರಿಸಿ ಮಾಡಿದ ರಚನೆಗಳಲ್ಲಿ ಗೈರೋಸ್ಕೋಪ್ ಥರ ಏನೂ ತಿರುಗುತ್ತಿರುವುದಿಲ್ಲ. ಅಲ್ಲಿ ಎರಡೂ ದಿಕ್ಕಿನ ಅಲೆಗಳು ಇರುತ್ತವೆ, ರಕ್ಷಣೆಯೂ ಅಷ್ಟು ಪೂರ್ತಿ ಅಲ್ಲ. ಎಷ್ಟೋ ಕಡೆ ಈ ವ್ಯತ್ಯಾಸವನ್ನು ಸುಮ್ನೆ ಹಾರಿಸಿಬಿಡುತ್ತಾರೆ. ಅದು ಸರಿಯಲ್ಲ.

ಘನವಸ್ತುವಿನ ತೊಡಕು

ಗಾಳಿಯಲ್ಲಿ ಶಬ್ದ ಒಂದೇ ಬಗೆ. ಗಾಳಿ ಒತ್ತಿಕೊಳ್ಳುತ್ತದೆ, ಸಡಿಲವಾಗುತ್ತದೆ, ಅಷ್ಟೆ. ಘನವಸ್ತು ಒತ್ತಡಕ್ಕೂ ಎದುರು ನಿಲ್ಲುತ್ತದೆ, ಪಕ್ಕಕ್ಕೆ ಜರುಗಿಸಿದರೂ ಎದುರು ನಿಲ್ಲುತ್ತದೆ. ಹಾಗಾಗಿ ಅದರಲ್ಲಿ ಎರಡು ವೇಗದ ಅಲೆಗಳಿವೆ. ಅಲ್ಯೂಮಿನಿಯಂನಲ್ಲಿ ಒತ್ತುವ ಅಲೆ ಸೆಕೆಂಡಿಗೆ ಸುಮಾರು 6,300 ಮೀಟರ್ ಓಡಿದರೆ, ಜರುಗುವ ಅಲೆ ಸುಮಾರು 3,100 ಮೀಟರ್ ಓಡುತ್ತದೆ. ಅಂಚಿಗೆ ಬಡಿದಾಗ ಒಂದು ಬಗೆಯ ಅಲೆ ಇನ್ನೊಂದಾಗಿ ಬದಲಾಗುತ್ತದೆ. ಅಂಚು ಜಾಸ್ತಿ ಇದ್ದಷ್ಟೂ ಈ ಬೆರಕೆ ಜಾಸ್ತಿ. ಫ್ರಾಕ್ಟಲ್‌ನಲ್ಲಿ ಇರುವುದೆಲ್ಲ ಅಂಚೇ ಅಲ್ವಾ, ಕಷ್ಟ ಎಷ್ಟಿರಬಹುದು ಯೋಚಿಸಿ.

ತೆಳು ಹಾಳೆಯಲ್ಲಿ ಬಾಗುವ ಅಲೆ ಅಂತ ಇನ್ನೊಂದಿದೆ. ಪ್ರಯೋಗಗಳಿಗೆ ಇದು ಅನುಕೂಲ. ಅದರ ವೇಗ ಬಹಳ ಕಡಿಮೆ, ಮತ್ತು ಆವರ್ತನದ ಜೊತೆ ಬದಲಾಗುತ್ತದೆ. 1 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆಯಲ್ಲಿ 10 ಕಿಲೋಹರ್ಟ್ಜ್‌ಗೆ ಅದು ಸೆಕೆಂಡಿಗೆ ಸುಮಾರು 310 ಮೀಟರ್. ಅಂದರೆ ಅಲೆಯ ಉದ್ದ ಹತ್ತಿರ ಹತ್ತಿರ 3 ಸೆಂಟಿಮೀಟರ್. ಆದ್ದರಿಂದ ಹಾಳೆಯ ವಿನ್ಯಾಸವನ್ನು ಒಂದೆರಡು ಸೆಂಟಿಮೀಟರ್ ಅಳತೆಯಲ್ಲಿ ಕತ್ತರಿಸಬಹುದು. ಒಂದು ಕಡೆ ಸಣ್ಣ ಪಿಯೆಜೊ ಬಿಲ್ಲೆ (ವಿದ್ಯುತ್ ಕೊಟ್ಟರೆ ನಡುಗುವ, ನಡುಗಿಸಿದರೆ ವಿದ್ಯುತ್ ಕೊಡುವ ಬಿಲ್ಲೆ) ಅಂಟಿಸಿ ಅಲುಗಾಡಿಸಿ, ಲೇಸರ್‌ನಿಂದ ಹಾಳೆಯ ಪ್ರತಿ ಬಿಂದುವಿನ ನಡುಕ ಅಳೆಯಬಹುದು.

ಅಂಚಿನಲ್ಲಿ ಓಡುವ ಅಲೆ ಅಂದಕೂಡಲೇ ಕೆಲವರಿಗೆ ರ‍್ಯಾಲೇ ಅಲೆ ನೆನಪಾಗುತ್ತದೆ. 1885ರಲ್ಲಿ ಲಾರ್ಡ್ ರ‍್ಯಾಲೇ ಲೆಕ್ಕ ಹಾಕಿ ಹೇಳಿದ ಅಲೆ ಅದು. ಭೂಕಂಪದಲ್ಲಿ ನೆಲದ ಮೇಲ್ಮೈಯಲ್ಲಿ ಹರಿಯುವುದೂ ಅದೇ, ನಮ್ಮ ಮೊಬೈಲ್ ಫೋನಿನ ಫಿಲ್ಟರ್‌ಗಳಲ್ಲಿ ಕೆಲಸ ಮಾಡುವುದೂ ಅದೇ ಜಾತಿಯ ಅಲೆ. ಆದರೆ ಅದಕ್ಕೆ ಟೊಪಾಲಜಿಯ ಕಾವಲಿಲ್ಲ. ಚೂಪಾದ ಮೂಲೆ ಬಂದರೆ ಒಂದಿಷ್ಟು ಹಿಂದಕ್ಕೆ ಚದುರುತ್ತದೆ, ಒಂದಿಷ್ಟು ಒಳಗೆ ಸೋರುತ್ತದೆ.

ತೂತಿನೊಳಗೆ ತೂತು

ಪೋಲೆಂಡಿನ ಗಣಿತಜ್ಞ ವಾಕ್ಲಾವ್ ಸಿಯರ್ಪಿನ್‌ಸ್ಕಿ 1915ರಲ್ಲಿ ವಿವರಿಸಿದ ತ್ರಿಕೋನ ಫ್ರಾಕ್ಟಲ್‌ಗಳಲ್ಲೇ ಪ್ರಸಿದ್ಧ. ಫ್ರಾಕ್ಟಲ್ ಅನ್ನುವ ಹೆಸರನ್ನು ಬೆನ್ವಾ ಮ್ಯಾಂಡೆಲ್‌ಬ್ರಾಟ್ ಕೊಟ್ಟದ್ದು ಆಮೇಲೆ, 1975ರಲ್ಲಿ. ಒಂದು ತ್ರಿಕೋನ ತೆಗೆದುಕೊಂಡು ನಾಲ್ಕು ಸಮ ತ್ರಿಕೋನಗಳಾಗಿ ಮಾಡಿ ನಡುವಿನದನ್ನು ಕತ್ತರಿಸಿ ತೆಗೆಯಿರಿ. ಉಳಿದ ಮೂರಕ್ಕೂ ಹಾಗೇ ಮಾಡಿ. ಮತ್ತೆ ಮಾಡಿ.

ನಾಲ್ಕು ಸಲ ಮಾಡಿದಾಗ ಏನಾಗಿರುತ್ತದೆ ನೋಡಿ. 81 ಪುಟ್ಟ ತ್ರಿಕೋನಗಳು, 40 ತೂತುಗಳು. ಲೋಹ ಶೇ. 32ರಷ್ಟು ಮಾತ್ರ ಉಳಿದಿರುತ್ತದೆ. ಆದರೆ ಒಟ್ಟು ಅಂಚಿನ ಉದ್ದ ಮೊದಲಿಗಿಂತ 5 ಪಟ್ಟು ಆಗಿರುತ್ತದೆ. ಮುಂದುವರಿಸಿದರೆ ವಸ್ತು ಸೊನ್ನೆಯತ್ತ ಹೋಗುತ್ತದೆ, ಅಂಚು ಮಿತಿ ಇಲ್ಲದೆ ಬೆಳೆಯುತ್ತದೆ. ಇದರ ಆಯಾಮ (ಆಕಾರ ಜಾಗವನ್ನು ಎಷ್ಟು ತುಂಬುತ್ತದೆ ಅನ್ನುವ ಅಳತೆ) 1 ಅಲ್ಲ, 2 ಅಲ್ಲ, 1.585. ಚೌಕವನ್ನು ಒಂಬತ್ತು ಸಮ ಚೌಕಗಳಾಗಿ ಮಾಡಿ ನಡುವಿನದನ್ನು ತೆಗೆಯುತ್ತಾ ಹೋದರೆ ಸಿಗುವ ಸಿಯರ್ಪಿನ್‌ಸ್ಕಿ ಕಾರ್ಪೆಟ್‌ನ ಆಯಾಮ 1.893.

ಆದರೆ ಕಂಪನಗಳ ಮಟ್ಟಿಗೆ 1.585 ಸರಿಯಾದ ಸಂಖ್ಯೆ ಅಲ್ಲ. ಅಲೆಗೆ ಬೇಕಾಗಿರುವುದು ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಲು ಎಷ್ಟು ದಾರಿಗಳಿವೆ ಅನ್ನುವುದು. ಭಾರತದ ಭೌತವಿಜ್ಞಾನಿ ದೀಪಕ್ ಧರ್ 1977ರಲ್ಲೇ ಇಂಥ ಜಾಲಗಳಿಗೆ ಬೇರೆ ಥರದ ಆಯಾಮ ಬೇಕೆಂದು ತೋರಿಸಿ, ಈ ತ್ರಿಕೋನದ ಹತ್ತಿರದ ಸಂಬಂಧಿಯಾದ ಒಂದು ಜಾಲಕ್ಕೆ ಅದನ್ನು ಲೆಕ್ಕ ಹಾಕಿದರು. ಬಂದ ಉತ್ತರ 1.365. ಸಿಯರ್ಪಿನ್‌ಸ್ಕಿ ತ್ರಿಕೋನಕ್ಕೂ ಅದೇ ಸಂಖ್ಯೆ. ಧರ್ ಅವರಿಗೆ 2022ರಲ್ಲಿ ಸಂಖ್ಯಾಶಾಸ್ತ್ರೀಯ ಭೌತಶಾಸ್ತ್ರದ ದೊಡ್ಡ ಗೌರವವಾದ ಬೋಲ್ಟ್ಸ್‌ಮನ್ ಪದಕ ಬಂದಾಗ ನಮ್ಮ ಪತ್ರಿಕೆಗಳಲ್ಲಿ ಅವರ ಬಗ್ಗೆ ಇನ್ನೂ ಜಾಸ್ತಿ ಬರಬೇಕಿತ್ತು ಅಂತ ನನಗೆ ಅನ್ನಿಸುತ್ತದೆ. 1982ರಲ್ಲಿ ಅಲೆಕ್ಸಾಂಡರ್ ಮತ್ತು ಆರ್ಬಾಕ್ ಫ್ರಾಕ್ಟಲ್‌ಗಳ ಕಂಪನಗಳಿಗೆ ಫ್ರಾಕ್ಟಾನ್ ಅಂತ ಹೆಸರಿಟ್ಟರು. ಈ ಕಂಪನಗಳಿಗೆ ಒಂದು ವಿಚಿತ್ರ ಸ್ವಭಾವ. ಸಿಯರ್ಪಿನ್‌ಸ್ಕಿ ತ್ರಿಕೋನದಲ್ಲಿ ಎಷ್ಟೋ ಕಂಪನಗಳು ಯಾವುದೋ ಒಂದು ತೂತಿನ ಸುತ್ತಲೇ ಸಿಕ್ಕಿಕೊಂಡು ಉಳಿಯುತ್ತವೆ. ವಸ್ತುವಿನಲ್ಲಿ ಯಾವ ದೋಷವೂ ಬೇಕಿಲ್ಲ. ಆಕಾರವೇ ಅವನ್ನು ಹಿಡಿದಿಡುತ್ತದೆ.

ಸುತ್ತು ಎಣಿಸುವುದು ಹೇಗೆ?

ಸರಪಳಿಯಲ್ಲಿ ನಾವು ಅಲೆಯ ಉದ್ದವನ್ನು ಬದಲಿಸುತ್ತಾ ಹೋಗಿ ಸುತ್ತು ಎಣಿಸಿದೆವು. ಅಲ್ಲಿ ಒಂದೇ ಘಟಕ, ಅಂದರೆ ಒಂದು ಜೋಡಿ ಗುಂಡು, ಮತ್ತೆ ಮತ್ತೆ ಬರುತ್ತದೆ, ಹಾಗಾಗಿ ಅಲೆಗೆ ಖಚಿತವಾದ ಉದ್ದ ಇದೆ. ಫ್ರಾಕ್ಟಲ್‌ನಲ್ಲಿ ಹಾಗೆ ಸಮವಾಗಿ ಮರಳಿ ಬರುವ ಘಟಕವೇ ಇಲ್ಲ. ಹಳೆಯ ಲೆಕ್ಕದ ಮೊದಲ ಸಾಲೇ ಬರೆಯಲು ಆಗುವುದಿಲ್ಲ.

ದಾರಿ ತೆರೆದದ್ದು ಸಂಖ್ಯೆಯನ್ನು ಜಾಗದಲ್ಲೇ ನೇರವಾಗಿ ಎಣಿಸುವ ಉಪಾಯಗಳಿಂದ. ಭೌತವಿಜ್ಞಾನಿ ಅಲೆಕ್ಸೇ ಕಿಟಾಯೆವ್ 2006ರಲ್ಲಿ ಕೊಟ್ಟ ಸೂತ್ರದಲ್ಲಿ ವಸ್ತುವಿನ ಒಂದು ತುಂಡನ್ನು ಮೂರು ಹೋಳು ಮಾಡುತ್ತೇವೆ. ಗ್ಯಾಪ್‌ನ ಕೆಳಗಿನ ಕಂಪನಗಳನ್ನೆಲ್ಲ ಒಟ್ಟು ಸೇರಿಸಿ, ಅವು ಮೂರು ಹೋಳುಗಳನ್ನು ಪ್ರದಕ್ಷಿಣೆಯಾಗಿ ಎಷ್ಟು ಬೆಸೆದಿವೆ, ಅಪ್ರದಕ್ಷಿಣೆಯಾಗಿ ಎಷ್ಟು ಬೆಸೆದಿವೆ ಎಂದು ನೋಡುತ್ತೇವೆ. ಆ ವ್ಯತ್ಯಾಸ ಒಂದು ಪೂರ್ಣ ಸಂಖ್ಯೆಯ ಹತ್ತಿರ ಬರುತ್ತದೆ. ಮರಳಿ ಬರುವ ಘಟಕ ಇಲ್ಲಿ ಬೇಕಾಗಿಲ್ಲ.

ಈ ಯೋಚನೆಗೆ ಬೆಂಗಳೂರಿನ ಪಾಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಧೀಪ್ ಅಗರ್‌ವಾಲಾ ಮತ್ತು ವಿಜಯ್ ಶೆಣೈ 2017ರಲ್ಲಿ, ಪರಮಾಣುಗಳನ್ನು ಯಾವ ಕ್ರಮವೂ ಇಲ್ಲದೆ ಚೆಲ್ಲಿದರೂ ಟೊಪಲಾಜಿಕಲ್ ಸ್ಥಿತಿ ಬರಬಹುದು ಎಂದು ತೋರಿಸಿದರು. ಕ್ರಮಬದ್ಧ ಸ್ಫಟಿಕ ಬೇಕೇಬೇಕು ಅನ್ನುವ ನಂಬಿಕೆ ಅಲ್ಲಿಗೆ ಸಡಿಲವಾಯಿತು. ಮರುವರ್ಷ ಷಿಕಾಗೋದ ತಂಡ ಅಡ್ಡಾದಿಡ್ಡಿ ಜೋಡಿಸಿದ ಗೈರೋಸ್ಕೋಪ್ ಜಾಲಗಳಲ್ಲೂ ಅಂಚಿನ ಅಲೆಗಳಿವೆ ಎಂದಿತು. ಅದೇ ಹೊತ್ತಿಗೆ ಸಿಯರ್ಪಿನ್‌ಸ್ಕಿ ಆಕಾರಗಳ ಮೇಲೂ ಇಂಥ ಲೆಕ್ಕಗಳು ಬಂದವು.

ಪ್ರಯೋಗದಲ್ಲಿ ಮೊದಲ ಗಟ್ಟಿ ಉತ್ತರಗಳು 2022ರಲ್ಲಿ ಸಿಕ್ಕವು. ಜರ್ಮನಿಯ ರಾಸ್ಟಾಕ್ ಮತ್ತು ಇಸ್ರೇಲಿನ ಟೆಕ್ನಿಯನ್ ವಿಶ್ವವಿದ್ಯಾಲಯಗಳ ಸಂಶೋಧಕರು ಗಾಜಿನೊಳಗೆ ಸುರುಳಿ ಸುರುಳಿಯಾದ ಬೆಳಕಿನ ದಾರಿಗಳನ್ನು ಸಿಯರ್ಪಿನ್‌ಸ್ಕಿ ತ್ರಿಕೋನದ ಆಕಾರದಲ್ಲಿ ಕೊರೆದರು. ಅದರಲ್ಲಿ ಇರುವ ಪ್ರತಿ ದಾರಿಯೂ ಯಾವುದಾದರೂ ಒಂದು ಅಂಚಿಗೆ ಸೇರಿದ್ದೇ. ಆದರೂ ಬೆಳಕು ಅಂಚಿನಲ್ಲಿ ಒಂದೇ ದಿಕ್ಕಿಗೆ ಹರಿಯಿತು. ಅಷ್ಟೇ ಅಲ್ಲ, ತೂತಿಲ್ಲದ ಜೇನುಗೂಡಿಗಿಂತ ವೇಗವಾಗಿ ಹರಿಯಿತು. ಅದೇ ವರ್ಷ ಚೀನಾದ ತಂಡಗಳು ಶಬ್ದದ ಪುಟ್ಟ ಪೆಟ್ಟಿಗೆಗಳಿಂದ ಫ್ರಾಕ್ಟಲ್ ಕಟ್ಟಿ, ಹೊರ ಮೂಲೆಗಳಲ್ಲಿ ಮಾತ್ರವಲ್ಲ, ತೂತುಗಳ ಮೂಲೆಗಳಲ್ಲೂ ಶಬ್ದ ಕೂರುವುದನ್ನು ಅಳೆದವು. 2024ರಲ್ಲಿ ಬಿಸ್ಮತ್ ಪರಮಾಣುಗಳು ತಾವಾಗಿಯೇ ಕಟ್ಟಿಕೊಂಡ ತ್ರಿಕೋನಗಳಲ್ಲಿ ಎಲೆಕ್ಟ್ರಾನ್‌ಗಳ ಅಂಚಿನ ಮತ್ತು ಮೂಲೆಯ ಸ್ಥಿತಿಗಳು ಕಂಡವು.

ತೂತು ಎಷ್ಟು ದೊಡ್ಡದಿರಬೇಕು?

ಲೋಹದ ಹಾಳೆಯಂಥ ಸ್ಥಿತಿಸ್ಥಾಪಕ ವಸ್ತುವಿಗೆ ಬಂದರೆ ನನ್ನ ಪ್ರಕಾರ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಸರಪಳಿಯ ಅಳತೆಗೆ ವಾಪಸ್ ಹೋಗೋಣ. ಸ್ಪ್ರಿಂಗ್‌ಗಳ ಅನುಪಾತ 4 ಇದ್ದಾಗ ಒಂದೊಂದು ಘಟಕ ಒಳಗೆ ಹೋದಂತೆ ಕಂಪನ ನಾಲ್ಕರಲ್ಲಿ ಒಂದಾಗುತ್ತದೆ. 5 ಘಟಕ ದಾಟಿದರೆ ಸಾವಿರದಲ್ಲಿ ಒಂದು ಪಾಲು. ಅಂದರೆ ಎರಡು ತೂತುಗಳ ನಡುವೆ 5 ಘಟಕ ಲೋಹ ಇದ್ದರೆ, ಈ ತೂತಿನ ಅಂಚಿನ ಅಲೆಗೆ ಆ ತೂತಿನ ಅಂಚು ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಆ 5 ಘಟಕವೇ ಅದರ ಪಾಲಿಗೆ ಒಳಭಾಗ.

ಈಗ ಅನುಪಾತವನ್ನು 4:3ಕ್ಕೆ ಇಳಿಸಿ. ಗ್ಯಾಪ್ ಕಿರಿದಾಗುತ್ತದೆ. ಕಂಪನ ಹತ್ತರಲ್ಲಿ ಒಂದಕ್ಕೆ ಇಳಿಯಲಿಕ್ಕೇ 8 ಘಟಕ ಬೇಕು. 5 ಘಟಕದ ಸೇತುವೆಯಲ್ಲಿ ಎರಡೂ ಕಡೆಯ ಅಂಚಿನ ಅಲೆಗಳು ಒಂದನ್ನೊಂದು ಮುಟ್ಟುತ್ತವೆ, ಬೆರೆಯುತ್ತವೆ. ಎದುರುಬದುರು ಓಡುವ ಅಲೆಗಳು ಹೀಗೆ ಬೆರೆತರೆ ಒಂದು ಇನ್ನೊಂದಾಗಿ ಹಿಂದಕ್ಕೆ ತಿರುಗಬಹುದು. ಅಲ್ಲಿಗೆ ರಕ್ಷಣೆ ಮುಗಿಯಿತು.

ಹಾಗಾಗಿ ಒಂದೇ ಫ್ರಾಕ್ಟಲ್‌ನಲ್ಲಿ ದೊಡ್ಡ ತೂತುಗಳು ತಮ್ಮದೇ ಅಂಚಿನ ಅಲೆಯನ್ನು ಇಟ್ಟುಕೊಳ್ಳಬಹುದು, ಸಣ್ಣ ತೂತುಗಳು ಬರೀ ವಸ್ತುವಿನ ಗುಣವನ್ನು ಸ್ವಲ್ಪ ಬದಲಿಸುವ ಚುಕ್ಕೆಗಳಾಗಿ ಉಳಿಯಬಹುದು. ಗೆರೆ ಎಲ್ಲಿ ಬೀಳುತ್ತದೆ ಅನ್ನುವುದು ಗ್ಯಾಪ್‌ನ ಅಗಲದ ಮೇಲಿದೆ. ಸಿಯರ್ಪಿನ್‌ಸ್ಕಿ ತ್ರಿಕೋನದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ತುಂಡುಗಳು ಒಂದಕ್ಕೊಂದು ತುದಿಯಲ್ಲಿ ಮಾತ್ರ ಅಂಟಿವೆ. ಎರಡು ಕಡೆ ಕತ್ತರಿಸಿದರೆ ಒಂದು ದೊಡ್ಡ ತುಂಡೇ ಕಳಚಿ ಬರುತ್ತದೆ. ಅಲೆ ಈ ಕಿರುಗತ್ತುಗಳ ಮೂಲಕವೇ ಹೋಗಬೇಕು. ಕಾರ್ಪೆಟ್‌ನಲ್ಲಿ ಈ ತೊಂದರೆ ಇಲ್ಲ. ತುಂಡುಗಳು ಅಗಲವಾದ ಅಂಚಿನಲ್ಲಿ ಸೇರುತ್ತವೆ. ಲೋಹದ ಹಾಳೆಗೆ ಕಾರ್ಪೆಟ್ ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ. ತ್ರಿಕೋನದ ಕಿರುಗತ್ತು ಬಾಗಿದಾಗ ಮೊದಲು ಬಿರುಕು ಬಿಡುವ ಜಾಗವೂ ಹೌದು.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯ. ಫ್ರಾಕ್ಟಲ್‌ನಲ್ಲಿ ಕಂಪನಗಳು ಹೇಗೂ ತೂತುಗಳ ಸುತ್ತ ಸಿಕ್ಕಿಕೊಳ್ಳುತ್ತವೆ ಅಂದೆವಲ್ಲ. ಹಾಗಿದ್ದರೆ ಮೂಲೆಯಲ್ಲಿ ಕೂತ ಒಂದು ಕಂಪನ ಟೊಪಾಲಜಿಯಿಂದ ಬಂದದ್ದೋ, ಬರೀ ಆಕಾರದಿಂದ ಸಿಕ್ಕಿಕೊಂಡದ್ದೋ? ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಲೇಸರ್‌ನಲ್ಲಿ ಅಳೆದ ಬಣ್ಣದ ನಕ್ಷೆ ನೋಡಿ ಖುಷಿಪಟ್ಟರೆ ಸಾಲದು.

ಪರೀಕ್ಷೆ ಮಾಡುವ ದಾರಿಗಳಿವೆ. ಬಿಗಿ ಮತ್ತು ಮೆದು ಜೋಡಣೆಗಳನ್ನು ಅದಲುಬದಲು ಮಾಡಿದರೆ ಟೊಪಲಾಜಿಕಲ್ ಸ್ಥಿತಿ ಮಾಯವಾಗಬೇಕು. ಆಕಾರ ಅದೇ ಇರುವುದರಿಂದ, ಬರೀ ಆಕಾರದಿಂದ ಸಿಕ್ಕಿಕೊಂಡ ಕಂಪನ ಸಾಮಾನ್ಯವಾಗಿ ಬೇರೆ ಆವರ್ತನದಲ್ಲಾದರೂ ಉಳಿಯುತ್ತದೆ. ಜೋಡಣೆಗಳಲ್ಲಿ ಬೇಕೆಂದೇ ಸಣ್ಣ ತಪ್ಪುಗಳನ್ನು ಹಾಕಿದಾಗ ಇಂಥ ಸ್ಥಿತಿಗಳ ಎಣಿಕೆ ಬದಲಾಗಬಾರದು. ಅಳೆದ ಕಂಪನಗಳನ್ನೇ ಕಿಟಾಯೆವ್ ಥರದ ಸೂತ್ರಕ್ಕೆ ಹಾಕಿದರೆ ಸಂಖ್ಯೆ ಸೊನ್ನೆಯಿಂದ ದೂರ ಇರಬೇಕು. ಆವರ್ತನ ಒಂದೇ ಕಡೆ ನಿಂತಿದೆಯೇ ಅನ್ನುವುದನ್ನು ಮಾತ್ರ ಲೋಹದಲ್ಲಿ ಪೂರ್ತಿ ನಂಬುವ ಹಾಗಿಲ್ಲ. ಸರಪಳಿಯಲ್ಲಿ ಗೋಡೆಯ ಸ್ಪ್ರಿಂಗ್ ಬದಲಿಸಿದರೆ 5ರಲ್ಲಿದ್ದ ಕಂಪನ ಪಕ್ಕಕ್ಕೆ ಸರಿಯುತ್ತದೆ. ಹಾಳೆಯ ಬಿಡಿ ಅಂಚಿನಲ್ಲೂ ಹಾಗೇ ಆಗುತ್ತದೆ.

ಬಳಕೆಯ ಮಾತಿಗೆ ಬಂದರೆ, ಆಸೆ ಇರುವುದು ಎರಡು ಕಡೆ. ಒಂದು, ಯಂತ್ರದ ನಡುಕವನ್ನು ಬೇಡದ ಕಡೆಯಿಂದ ತಿರುಗಿಸಿ ಅಂಚಿನ ಉದ್ದಕ್ಕೆ ಕಳಿಸುವುದು. ಮೂರನೇ ಎರಡು ಪಾಲು ಲೋಹ ತೆಗೆದ ಹಾಳೆಯೂ ಈ ಕೆಲಸ ಮಾಡಿದರೆ, ತೂಕ ಉಳಿಸಬೇಕಾದ ವಿಮಾನ, ಉಪಗ್ರಹಗಳಿಗೆ ಅದರಿಂದ ಲಾಭ. ಇನ್ನೊಂದು, ನಡುಕವನ್ನು ಮೂಲೆಗಳಲ್ಲಿ ಕೂಡಿಹಾಕಿ ಪಿಯೆಜೊ ಬಿಲ್ಲೆಗಳಿಂದ ಸ್ವಲ್ಪ ವಿದ್ಯುತ್ ತೆಗೆಯುವುದು. ಸಾಮಾನ್ಯ ಹಾಳೆಗೆ ನಾಲ್ಕೇ ಮೂಲೆ. ಎರಡು ಸುತ್ತು ಕೊರೆದ ಕಾರ್ಪೆಟ್‌ಗೆ 9 ತೂತು, ಅಂದರೆ ಇನ್ನೂ 36 ಮೂಲೆ. ಬೇರೆ ಬೇರೆ ಅಳತೆಯ ತೂತುಗಳ ಮೂಲೆಗಳು ತುಸು ಬೇರೆ ಬೇರೆ ಆವರ್ತನಗಳನ್ನು ಹಿಡಿಯುವ ಹಾಗೆ ಮಾಡಬಹುದು.

ಆದರೆ ಟೊಪಾಲಜಿ ಅಲೆಯನ್ನು ಚದುರದಂತೆ ಕಾಯುತ್ತದೆಯೇ ಹೊರತು ಕುಗ್ಗದಂತೆ ಅಲ್ಲ. ನಡುಕ ಶಾಖವಾಗಿ ಸೋರುವುದನ್ನು ಅದು ತಡೆಯುವುದಿಲ್ಲ. ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿದ ಪ್ಲಾಸ್ಟಿಕ್ ಮಾದರಿಗಳಲ್ಲಿ ಈ ಸೋರಿಕೆ ಜಾಸ್ತಿ, ಲೋಹದಲ್ಲಿ ಕಡಿಮೆ. ಫ್ರಾಕ್ಟಲ್‌ನ ಅಂಚಿನ ದಾರಿ ಉದ್ದವಾದಷ್ಟೂ ಅಲೆ ಕೊನೆ ಮುಟ್ಟುವ ಹೊತ್ತಿಗೆ ಸೊರಗಿರುತ್ತದೆ. ಆದ್ದರಿಂದ ಕೊರೆಯುವುದನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಎರಡು ಲೆಕ್ಕ ಬೇಕು. ಅತಿ ತೆಳುವಾದ ಸೇತುವೆ ಅಲೆ ಇಳಿಯುವ ಆಳಕ್ಕಿಂತ ಕೆಲವು ಪಟ್ಟು ಅಗಲ ಇರಬೇಕು. ಒಟ್ಟು ಅಂಚಿನ ದಾರಿ ಅಲೆ ಕುಗ್ಗುವ ದೂರಕ್ಕಿಂತ ಗಿಡ್ಡ ಇರಬೇಕು. ಸೆಂಟಿಮೀಟರ್ ಅಳತೆಯ ಘಟಕಗಳಿಂದ ಅರ್ಧ ಮೀಟರ್ ಹಾಳೆ ಮಾಡಿದರೆ, ಮೊದಲ ಲೆಕ್ಕವೊಂದೇ ಎರಡು ಮೂರು ಸುತ್ತಿಗೆ ಕೊರೆಯುವುದನ್ನು ನಿಲ್ಲಿಸಿಬಿಡುತ್ತದೆ.